ದರಿಯಾ ಅಂದರೆ ಯಾವ ನೀರು

ಹಳಿಯಾಳದ ಏಳು ಮಂದಿಯ ಬ್ಯಾಂಡೊಂದನ್ನು ಕಾರವಾರಕ್ಕೆ ಕರೆದೊಯ್ದು ಸಮುದ್ರ ಕೇಳಿಸಿಕೊಂಡು ಬರಲು ನನಗೆ ತಗುಲಿದ್ದು ಒಂದು ಟೆಂಪೊದ ಬಾಡಿಗೆ, ಎಲ್ಲರ ಮೀನೂಟ, ದಾರಿಯುದ್ದಕ್ಕೂ ಚಹಾ, ಮತ್ತು ಅಂಗಡಿಯ ಒಂದು ಇಡೀ ಭಾನುವಾರದ ವ್ಯಾಪಾರ. ಭಾನುವಾರವೆಂದರೆ ದಾಂಡೇಲಿಯ ಜನ ಮನೆ ಗುಡಿಸಿ ಹಳೆಯದನ್ನು ಹೊರಗೆ ಹಾಕುವ ದಿನ. ನನ್ನಂಥ ಹಳೇ ಸಾಮಾನಿನ ವ್ಯಾಪಾರಿ ಅಂಥ ದಿನ ಬಾಗಿಲು ಎಳೆದು ಹೋದನೆಂದರೆ ಕಾರಣ ದೊಡ್ಡದೇ ಇರಬೇಕೆಂದು ನೀವು ಅಂದುಕೊಳ್ಳುವಿರಿ. ಕಾರಣ ಒಂದು ಶಬ್ದ. ಮೂರೇ ಅಕ್ಷರ: ದರಿಯಾ.

ನಾನು ವ್ಯಾಪಾರ ಶುರು ಮಾಡಿದ್ದು ಸೈಕಲ್ಲಿನ ಮೇಲೆ. ಪೇಪರ್ ಮಿಲ್ಲಿನ ಕ್ವಾರ್ಟರ್ಸ್ ಓಣಿಗಳಲ್ಲಿ ರದ್ದಿ, ಬಾಟಲಿ, ಮುರಿದ ಕುರ್ಚಿ ಎಂದು ಕೂಗುತ್ತ ತಿರುಗಿದವನು. ಈಗ ಸ್ವಂತದ ಶೆಡ್ಡಿದೆ, ಅದರ ಹಿಂದೆಯೇ ಮನೆಯಿದೆ, ತಕ್ಕಡಿಯ ಜಾಗದಲ್ಲಿ ಕರೆಂಟಿನ ಕಾಟಾ ಬಂದಿದೆ. ಆದರೆ ಕಲಿತದ್ದೆಲ್ಲ ಕಿವಿಯಿಂದ. ಪಾತ್ರೆಯನ್ನು ಬೆರಳ ಗಂಟಿನಿಂದ ಬಡಿದರೆ ಅದು ಅಪ್ಪಟ ಹಿತ್ತಾಳೆಯೋ, ಮೇಲೆ ಮೆರುಗು ಕೊಟ್ಟ ಕಬ್ಬಿಣವೋ ಹೇಳುತ್ತೇನೆ. ಆಯಸ್ಕಾಂತ ತರುವುದು ಗಿರಾಕಿಯ ಸಮಾಧಾನಕ್ಕೆ. ಇದು ಕೊಳ್ಳುವವನ ಕಿವಿ. ಹಾಡು ಕೇಳುವ ಕಿವಿ ನನ್ನ ಹೆಂಡತಿಯ ತವರಿನದು.

ಅವಳ ತಮ್ಮ ಹಳಿಯಾಳದಲ್ಲಿ ಬ್ಯಾಂಡ್ ಮಾಸ್ತರ. ಅಪ್ಪನಿಂದ ಬಂದ ಬ್ಯಾಂಡು. ಅವನು ಕ್ಲಾರಿನೆಟ್ ಊದುತ್ತಾನೆ. ಉಳಿದವರು ಕೆಂಪು ಕೋಟು ತೊಟ್ಟರೆ ಬ್ಯಾಂಡಿನವರು, ಕಳಚಿದರೆ ಒಬ್ಬ ವೆಲ್ಡರ್, ಒಬ್ಬ ಪೇಂಟರ್, ಒಬ್ಬ ಪಂಕ್ಚರ್ ಅಂಗಡಿಯವನು. ದೊಡ್ಡ ಡ್ರಮ್ ಬಾರಿಸುವವನು ಧಾರವಾಡದ ಕಡೆಯವನು, ಮಿಲ್ಲಿನಲ್ಲಿ ಲೋಡಿಂಗ್ ಕೆಲಸಕ್ಕೆಂದು ಬಂದು ಇಲ್ಲೇ ಉಳಿದವನು. ಊದುವುದು, ಬಾರಿಸುವುದು ಅವರ ಕೆಲಸ. ಗಿರಾಕಿಯ ಜೊತೆ ಮಾತಾಡಿ ದರ ಕುದುರಿಸುವುದು ನನ್ನದು. ಹೀಗೆಂದು ಯಾರೂ ನೇಮಿಸಿದ್ದಲ್ಲ, ನಾಲಗೆಯ ಚಪಲ.

ಮಳೆಗಾಲ ಮುಗಿದ ಹೊಸತರಲ್ಲಿ ಮಾಸ್ತರ ನನ್ನ ಅಂಗಡಿಗೆ ಬಂದ. ಕುರ್ಚಿಯಲ್ಲಿ ಕೂತ, ಚಹಾ ಕುಡಿದ, ಬಸಿಯನ್ನು ನೆಲದ ಮೇಲಿಟ್ಟ.

"ಹಿತ್ತಾಳಿ ಏನ್ ರೇಟ್ ನಡದೈತ್ರಿ ದೂಲೆಭಾಯ್?"

ದೂಲೆಭಾಯ್ ಅಂದರೆ ಅಕ್ಕನ ಗಂಡ. "ಯಾಕ, ಮನ್ಯಾಗ ಹಾಂಡೆ ಇಟ್ಟೀ ಏನ್ ಮಿಯಾ?"

"ಹಾಂಡೆ ಅಲ್ರಿ. ತುತ್ತೂರಿ, ಪೀಪಿ, ಆ ಹೆಗಲಿಗೆ ಹಾಕ್ಕೊಂಡು ಊದೂ ದೊಡ್ಡ ಬಾಸು. ಎಲ್ಲಾ ಕೂಡಿಸಿ." ಆಮೇಲೆ ಸೇರಿಸಿದ, "ಕ್ಲಾರಿನೆಟ್ ಕಟ್ಟಿಗೀದು. ಅದನ್ನ ನೀವೂ ತೂಗೂದಿಲ್ಲ. ಅದು ನನ್ನ ಕಡೆನ ಇರಲಿ."

ಕೇಳಬೇಕಾದ ಅಗತ್ಯವಿರಲಿಲ್ಲ. ಎಲ್ಲ ಮದುವೆಗೂ ಡಿಜೆ. ಕಳೆದ ಸೀಜನ್ನಿನಲ್ಲಿ ಇವರನ್ನು ಕರೆದವರು ಕಡಿಮೆ. ಕರೆದವರೂ ಎರಡು ಹಾಡು ಊದಿಸಿ, "ಸಾಕ್ರಿ, ಇನ್ನ ಡಿಜೆ ಹಚ್ಚತೇವಿ" ಎಂದು ಕೂರಿಸಿದ್ದರು. ಈ ಸೀಜನ್ನೂ ಹೀಗೇ ಹೋದರೆ ಬ್ಯಾಂಡ್ ಮುಚ್ಚುವುದೆಂದು ಅವನು ನಿಶ್ಚಯಿಸಿಕೊಂಡು ಬಂದಿದ್ದ.

ಆ ದಿನ ಹಿತ್ತಾಳೆಯ ದರ ಚೆನ್ನಾಗಿತ್ತು. ನಾನು ಹೇಳಿದೆ, "ಭಾಳ ಬಿದ್ದೈತಿ ಈಗ. ಸೀಜನ್ ಮುಗದ ಮ್ಯಾಲ ನೋಡೂಣು." ನಲವತ್ತು ವರ್ಷ ಕೊಳ್ಳುವಾಗ ಹೇಳುತ್ತ ಬಂದ ಸುಳ್ಳನ್ನು ಅವತ್ತು ಕೊಳ್ಳದಿರಲು ಹೇಳಿದೆ.

ಒಳಗಿನಿಂದ ನನ್ನ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. ತಮ್ಮ ಹೋದ ಮೇಲೆ ಬಸಿ ಎತ್ತಲು ಬಂದು, "ನಮ್ಮ ಅಬ್ಬಾನ ಪೀಪಿ ನಿಮ್ಮ ಕಾಟಾದ ಮ್ಯಾಲ ಬಂತಂದ್ರ ಈ ಅಂಗಡಿಗೆ ಚಾ ಬರೂದು ಬಂದ್ ಆಗತೈತಿ, ತಿಳ್ಕೋರಿ" ಎಂದಳು.

ಅದೇ ವಾರ ಗಣೇಶಗುಡಿಯಿಂದ ಫೋನು ಬಂತು. ಅಲ್ಲಿ ಹೋಮ್‌ಸ್ಟೇ ನಡೆಸುವ ಕೊಂಕಣಿ ಮಾತಿನ ಸಾವ್ಕಾರರು, ಹಿಂದೆ ನನ್ನಿಂದ ಮಂಚಗಳನ್ನು ಕೊಂಡವರು.

"ಭಾಯ್, ಮಗನ ಮದುವೆ. ಡಿಜೆ ನಕೋ. ಇದು ಕಾಡು, ಫಾರೆಸ್ಟಿನವರ ಜೋಡಿ ತಂಟೆ ಯಾಕೆ? ನಿಮ್ಮ ಬ್ಯಾಂಡ್ ಕಳಿಸಿ. ಒಂದು ಮಾತು ಮಾತ್ರ ಉಂಟು. ಹುಡುಗಿ ದರ್ಯಾ ಕಡೆಯವಳು. ಘಟ್ಟ ಹತ್ತಿ ಬಂದು ಇಳಿದ ಕೂಡಲೇ ಬರೀ ಮರಗಳನ್ನು ಕಂಡರೆ ಅವಳ ಎದೆ ಒಡೀತದೆ. ಬಸ್ಸಿಂದ ಇಳಿಯುವಾಗ ಅವಳ ದರ್ಯಾದ ಹಾಡು ಕಿವಿಗೆ ಬೀಳಬೇಕು. ಅದೊಂದು ಸರಿ ಆದರೆ ಉಳಿದದ್ದು ಏನು ಬೇಕಾದರೂ ಊದಲಿ."

"ಅದಕ್ಕ ಬ್ಯಾರೆ ತಾಲೀಮು ಮಾಡಬೇಕಾಗತೈತ್ರಿ, ಬ್ಯಾರೆ ದರ" ಎಂದೆ. ಅವರು ಒಪ್ಪಿಬಿಟ್ಟರು. ಚೌಕಾಶಿಯೇ ಇಲ್ಲ. ಗಿರಾಕಿ ಅಷ್ಟು ಬೇಗ ಒಪ್ಪಿದಾಗ ತಾನು ಕೇಳಿಸಿಕೊಂಡದ್ದು ಸರಿಯೋ ಎಂದು ವ್ಯಾಪಾರಿ ಮತ್ತೊಮ್ಮೆ ಕೇಳಬೇಕು. ನಾನು ಖುಷಿಯಲ್ಲಿ ಫೋನ್ ಇಟ್ಟೆ.

ನಮ್ಮ ಮನೆಯ ಉರ್ದುವಿನಲ್ಲಿ ದರಿಯಾ ಅಂದರೆ ಹೊಳೆ. ಗಣೇಶಗುಡಿ ಇರುವುದೇ ಸೂಪಾ ಡ್ಯಾಮಿನ ಬುಡದಲ್ಲಿ, ಕಾಳಿಯ ದಂಡೆಯಲ್ಲಿ; ಮದುಮಗ ಅದೇ ಹೊಳೆಯಲ್ಲಿ ಪ್ರವಾಸಿಗಳನ್ನು ರಬ್ಬರ್ ದೋಣಿಯಲ್ಲಿ ಕೂರಿಸಿ ಇಳಿಸುವವನು. ಘಟ್ಟದ ಕೆಳಗೂ ಅದೇ ಕಾಳಿ ಹರಿಯುತ್ತದೆ. ಹುಡುಗಿ ಅಲ್ಲೆಲ್ಲೋ ಹೊಳೆಯಂಚಿನ ಊರಿನವಳು ಎಂದುಕೊಂಡೆ. ಮಾಸ್ತರನಿಗೆ "ದರಿಯಾದ ಹಾಡು ಕಟ್ಟು" ಎಂದೆ. ಅವನೂ ನಮ್ಮ ಮನೆಯ ಮಾತಿನವನೇ. ಮತ್ತೆ ಕೇಳಲಿಲ್ಲ.

ಅವರ ತಾಲೀಮು ವೆಲ್ಡರನ ಅಂಗಡಿಯ ಹಿಂದಿನ ಬಯಲಿನಲ್ಲಿ. ಮದುವೆಗೆ ಇನ್ನೂ ಕೆಲವು ವಾರಗಳಿರುವಾಗ ಸಾವ್ಕಾರರು ಸೀರೆ ಖರೀದಿಗೆ ಹಳಿಯಾಳಕ್ಕೆ ಬಂದವರು ಹಾಡು ಕೇಳಿ ಹೋಗೋಣವೆಂದು ಅಲ್ಲಿಗೂ ಬಂದರು. ಜೊತೆಗೆ ಹುಡುಗಿಯ ಸೋದರತ್ತೆ ಇದ್ದರು. ಕಾರವಾರದ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಗಟ್ಟಿ ಹೆಂಗಸು; ಎಲ್ಲರೂ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು.

ಮಾಸ್ತರ ಶುರು ಮಾಡಿದ. ಮೊದಲು ಕ್ಲಾರಿನೆಟ್ ಒಂದೇ, ಕಲ್ಲಿನ ಸಂದಿಯಿಂದ ನೀರು ಜಿನುಗಿದ ಹಾಗೆ. ಆಮೇಲೆ ತುತ್ತೂರಿಗಳು ಸೇರಿ ಓಟ. ಸಣ್ಣ ಡ್ರಮ್ಮಿನಲ್ಲಿ ಬಂಡೆಗಳ ಮೇಲಿನ ಕುಣಿತ. ಕೊನೆಗೆ ಒಬ್ಬೊಬ್ಬರೇ ಬಿಡುತ್ತ ಬಂದು ಸ್ವರ ದೂರ ದೂರ ಹೋಗಿ ಇಲ್ಲವಾಯಿತು. ನನಗೇ ರೋಮಾಂಚನವಾಯಿತು. ಇದಕ್ಕೆ ನಾನು ಹೇಳಿದ ದರ ಕಡಿಮೆಯಾಯಿತೇನೋ ಅನಿಸಿತು.

ಕಣ್ಣು ಮುಚ್ಚಿ ಕೇಳುತ್ತಿದ್ದ ಮಾವಶಿ ಕಣ್ಣು ತೆರೆದರು. "ಚಂದ ಉಂಟು ಬಾಬಾ. ಆದ್ರೆ ಇದು ಹೋಯ್ತಲ್ಲ?"

"ಎಲ್ಲಿಗ್ರಿ?" ಎಂದ ಮಾಸ್ತರ.

"ಹೋಯ್ತು. ತಿರುಗಿ ಬರ್ಲೇ ಇಲ್ಲ. ನಮ್ಮ ದರ್ಯಾ ಹಾಗೆ ಹೋಗುದಿಲ್ಲ. ಹೋದ್ರೂ ಬತ್ತದೆ."

"ದರಿಯಾ ಹೆಂಗ ತಿರುಗಿ ಬರತೈತ್ರಿ ಮಾವಶಿ? ಹರದ ಹೋಗತೈತಿ."

"ದರ್ಯಾ ಹರೀತದ್ಯಾ? ಕೇಳಿ ಮಾರಾಯ್ರೇ ಇವನ ಮಾತು!"

ಸಾವ್ಕಾರರು ಹಣೆ ಹಿಡಿದುಕೊಂಡರು. "ಅರೇ ದೇವಾ! ಭಾಯ್, ನಾನು ಹೇಳಿದ್ದು ಸಮುದ್ರ!"

"ನಮ್ಮ ಮಾತಿನ್ಯಾಗ ದರಿಯಾ ಅಂದ್ರ ಹೊಳಿ ರೀ."

"ನಮ್ಮ ಮಾತಿನಲ್ಲಿ ದರ್ಯಾ ಅಂದರೆ ಸಮುದ್ರ."

ದೊಡ್ಡ ಡ್ರಮ್ಮಿನವನು ಕೋಲು ಕೆಳಗಿಟ್ಟ. "ನಮ್ಮ ಮಾತಿನ್ಯಾಗ ಹೊಳಿಗೆ ಹೊಳಿ ಅಂತಾರ, ಸಮುದ್ರಕ್ಕ ಸಮುದ್ರ ಅಂತಾರ. ಇಬ್ಬರೂ ಕನ್ನಡದಾಗ ಮಾತಾಡಿದ್ರ ನನ್ನ ತೋಳ ಉಳೀತಿದ್ವು."

ಎಲ್ಲರೂ ನಕ್ಕರು, ಮಾಸ್ತರನೊಬ್ಬನನ್ನು ಬಿಟ್ಟು. ಅವನು ಕ್ಲಾರಿನೆಟ್ ಒರೆಸಿ ಪೆಟ್ಟಿಗೆಗೆ ಹಾಕಿದ. ಸಾವ್ಕಾರರು ಒಳ್ಳೆಯವರು, ನನ್ನನ್ನು ಬದಿಗೆ ಕರೆದು, ಆಗದಿದ್ದರೆ ಈಗಲೇ ಹೇಳಿ, ಗೋವಾದ ಬ್ಯಾಂಡ್ ಪಾರ್ಟಿಯೊಂದಿದೆ ಎಂದರು. "ನಮ್ಮ ಮಾಸ್ತರ ಸಮುದ್ರಾನೂ ಊದತಾನ್ರಿ. ಸ್ವಲ್ಪ ದಿನ ಕೊಡ್ರಿ" ಎಂದೆ. ಎಲ್ಲಿಂದ ಆ ಧೈರ್ಯ ಬಂತೋ.

ಅವರು ಹೋದ ಮೇಲೆ ಮಾಸ್ತರ ನನ್ನ ಮೇಲೆ ಬಿದ್ದ. "ನೀವು ಕೊಟ್ಟ ಮಾತು ನಾ ಎಲ್ಲಿಂದ ಊದ್ಲಿ ದೂಲೆಭಾಯ್? ಸಮುದ್ರ ನೋಡೇನಿ. ಒಂದ್ ಮದುವ್ಯಾಗ ಅದರ ದಂಡಿ ಮ್ಯಾಲ ನಿಂತ ಊದೇನಿ. ನಮ್ಮ ಸಪ್ಪಳದಾಗ ಅದರ ಸಪ್ಪಳ ಕೇಳಿಲ್ಲ. ರೇಟ್ ಹೇಳ್ರಿ ಅಂದೆ, ಹೇಳಲಿಲ್ಲ. ಈಗರೆ ಹೇಳ್ರಿ."

"ಮೊದಲ ಕೇಳಿ ಬರೂಣು. ಆಮ್ಯಾಲ ರೇಟ್" ಎಂದೆ. ಟೆಂಪೊ ಮಾಡಿದ್ದು ಹೀಗೆ.

ಜೊಯಿಡಾ ದಾಟಿ ಕಾಡಿನ ರಸ್ತೆ ಹಿಡಿಯುವ ಮೊದಲು ಮದುಮಗ ನನ್ನ ಮೊಬೈಲಿಗೆ ಒಂದಷ್ಟು ಸಂಗೀತದ ವಿಡಿಯೊ ಕಳಿಸಿದ. ಅವನ ದೋಣಿಯಲ್ಲಿ ಕೂತ ಪ್ರವಾಸಿಯೊಬ್ಬರು ಹೇಳಿಕೊಟ್ಟದ್ದಂತೆ: ಪರದೇಶದ ದೊಡ್ಡ ಆರ್ಕೆಸ್ಟ್ರಾಗಳು, ಮಾತಿಲ್ಲದೆ ಬರೀ ವಾದ್ಯಗಳಲ್ಲಿ ಸಮುದ್ರವನ್ನು ಬಾರಿಸಿದ್ದು. ನೂರರ ಹತ್ತಿರ ಜನ, ಕಪ್ಪು ಕೋಟು, ಯಾರೂ ನಗುವುದಿಲ್ಲ. ಒಂದರಲ್ಲಿ ಪಿಟೀಲುಗಳೆಲ್ಲ ಸೇರಿ ನೀರಿನ ಮೇಲೆ ಬಿಸಿಲು ಮಿನುಗಿದ ಹಾಗೆ ನಡುಗುತ್ತಿದ್ದವು. ಇನ್ನೊಂದರಲ್ಲಿ ಬಿರುಗಾಳಿ, ಅದು ಬಂದಾಗ ನಮ್ಮ ದೊಡ್ಡ ಡ್ರಮ್ಮಿನವನು ಸೀಟಿನಿಂದ ಎದ್ದು, "ಇದು ನಮ್ಮ ಕೆಲಸ ನೋಡ್ರಿ!" ಎಂದು ಟೆಂಪೊದ ತಗಡು ಬಡಿಯತೊಡಗಿದ. ಡ್ರೈವರ್ ಬೈದ.

ಮಾಸ್ತರ ಮಾತ್ರ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಒಂದೇ ತುಣುಕನ್ನು ತಿರುಗಿಸಿ ತಿರುಗಿಸಿ ಕೇಳುತ್ತಿದ್ದ. ಕೊನೆಗೆ ಹೇಳಿದ, "ಇವರ ತೆರಿ ಯಾಕ ಕಡಿಯೂದಿಲ್ಲ ಗೊತ್ತಾತು. ಭಾಳ ಮಂದಿ ಅದಾರ. ಒಬ್ಬ ಉಸಿರು ತಗೊಳ್ಳೂದ್ರಾಗ ಇನ್ನೊಬ್ಬ ಊದತಾನ. ನಾವು ಊದವ್ರು ನಾಕ ಮಂದಿ, ಎಲ್ಲಾರೂ ಒಮ್ಮೆಕ್ಕಲೆ ಉಸಿರು ತಗೋತೇವಿ. ಅಷ್ಟೊತ್ತಿಗೆ ಸಮುದ್ರ ಬತ್ತಿ ಹೋಗತೈತಿ."

ಅಲ್ಲಿಂದ ಘಟ್ಟ ಇಳಿಯುವವರೆಗೂ ಆ ನಾಲ್ವರು ವಾದ್ಯವಿಲ್ಲದೆ ಬರೀ ಬಾಯಲ್ಲಿ ಸರದಿಯಂತೆ ಉಸಿರು ಎಳೆಯುವುದನ್ನು ರೂಢಿ ಮಾಡಿದರು. ಪಂಕ್ಚರ್ ಅಂಗಡಿಯವನಿಗೆ ತಲೆ ತಿರುಗಿತು. ಗಾಡಿ ನಿಲ್ಲಿಸಿ ನಿಂಬೆಹಣ್ಣು ಮೂಸಿಸಿದೆವು.

ಕಾರವಾರದಲ್ಲಿ ಮಾವಶಿ ಮೀನು ಮಾರಿ ಮುಗಿಸಿ ದಂಡೆಗೆ ಬಂದು ಕಾಯುತ್ತಿದ್ದರು. ನಮ್ಮವರು ಮರಳಲ್ಲಿ ಸಾಲಾಗಿ ಕೂತು ಅಲೆ ಎಣಿಸತೊಡಗಿದರು. ಸ್ವಲ್ಪ ಹೊತ್ತಿಗೆ ದೊಡ್ಡ ಡ್ರಮ್ಮಿನವನಿಗೆ ಸಿಟ್ಟು ಬಂತು. "ಮಾಸ್ತರ, ಇದಕ್ಕ ತಾಳನ ಇಲ್ಲ. ಒಮ್ಮೆ ಲಗೂ ಬರತೈತಿ, ಒಮ್ಮೆ ನಿಂದರತೈತಿ. ಹೆಂಗ ಬಾರಸ್ಲಿ?"

ಅದು ನಿಜವಾದ ತೊಡಕು. ಬ್ಯಾಂಡಿನವರು ಹುಟ್ಟಿದ್ದೇ ಮೆರವಣಿಗೆಗೆ. ಅವರ ತಾಳ ಕಾಲಿನ ತಾಳ, ಎಡ ಬಲ ಎಡ ಬಲ. ಸಮುದ್ರ ಎಡ ಬಲ ನೋಡುವುದಿಲ್ಲ.

ಮಾವಶಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ನೀರಿನಂಚಿನಲ್ಲಿ ದೋಣಿಯೊಂದನ್ನು ಮೇಲಕ್ಕೆಳೆಯಲು ನಾಲ್ಕಾರು ಜನ ನಿಂತಿದ್ದರು. "ಏಳಿ ಎಲ್ಲ. ಕೂತ್ರೆ ಆಗುದಿಲ್ಲ. ಹಗ್ಗ ಹಿಡೀರಿ" ಎಂದರು. ಪ್ಯಾಂಟು ಮಡಚಿ ನಮ್ಮವರು ಹಗ್ಗ ಹಿಡಿದರು. ನಾನೂ ಹಿಡಿದೆ. ಡ್ರಮ್ಮಿನವನು ಜೋರಾಗಿ ಎಳೆದ. ದೋಣಿ ಅಲುಗಲಿಲ್ಲ, ಅವನೇ ಜಾರಿ ಕುಂಡೆಯ ಮೇಲೆ ಕೂತ.

"ಯಾರು ಹೇಳಿದ್ರು ನಿಂಗೆ ಈಗ ಎಳೀಲಿಕ್ಕೆ? ಅಲೆ ಬಂದು ದೋಣೀನ ಎತ್ತಬೇಕು. ಆಗ ಎಳೀಬೇಕು. ಅದು ಹಿಂದೆ ಹೋಗುವಾಗ ಸುಮ್ನೆ ಹಿಡಕೊಂಡಿರು."

"ಹಂಗಾರ ಎಣಿಸೂದ ಬ್ಯಾಡ?"

"ಎಣಿಸಿದ್ರೆ ದೋಣಿ ಬತ್ತದ್ಯಾ? ನೋಡು ಮಾರಾಯ, ನೋಡು."

ಆಮೇಲೆ ಅವರು ಕೂಗಿದರು. ಓ... ಎಂದು ಉದ್ದಕ್ಕೆ ಎಳೆದ ಒಂಟಿ ಕೂಗು, ಶಬ್ದಾರ್ಥವಿಲ್ಲದ್ದು, ಆದರೆ ಹಾಡೇ. ಅದು ಅಲೆ ಬರುವವರೆಗೂ ಕಾಯುತ್ತಿತ್ತು. ಅಲೆ ದೋಣಿಯ ಕೆಳಗೆ ನುಗ್ಗಿದ ಕೂಡಲೇ ಉಳಿದವರೆಲ್ಲ ಹೋಯ್! ಎಂದು ಉತ್ತರ ಕೊಟ್ಟು ಎಳೆದರು. ದೋಣಿ ಒಂದು ಮೊಳ ಬಂತು. ಮತ್ತೆ ಓ... ಮೂರನೆಯದಕ್ಕೋ ನಾಲ್ಕನೆಯದಕ್ಕೋ ಮಾಸ್ತರ ಹಗ್ಗ ಬಿಟ್ಟು ಟೆಂಪೊಗೆ ಓಡಿ ಕ್ಲಾರಿನೆಟ್ ತಂದ. ಮಾವಶಿಯ ಕೂಗನ್ನು ಅದರಲ್ಲಿ ಎತ್ತಿಕೊಂಡ. ದಂಡೆಯವರು ಅದಕ್ಕೇ ಉತ್ತರ ಕೊಟ್ಟು ಎಳೆಯತೊಡಗಿದರು. ದೋಣಿ ಮೇಲೆ ಬಂದಾಗ ಎಲ್ಲರೂ ಒದ್ದೆ.

ನನ್ನ ಪಾಲಿನದ್ದನ್ನೂ ಹೇಳುತ್ತೇನೆ. ದಣಿದು ಮರಳಲ್ಲಿ ಕೂತಾಗ ಕಿವಿಗೊಟ್ಟೆ. ಅಲೆ ಬರುವ ಸದ್ದು ಎಲ್ಲರಿಗೂ ಗೊತ್ತು. ಹಿಂದೆ ಸರಿಯುವಾಗ ಇನ್ನೊಂದು ಸಣ್ಣ ಸದ್ದಿದೆ, ಗೋಣಿಚೀಲದಿಂದ ಹಳೇ ಮೊಳೆಗಳನ್ನು ಮೆಲ್ಲಗೆ ಸುರಿದಂಥದ್ದು. ಅಂಗಡಿಯಲ್ಲಿ ದಿನಾ ಕೇಳುವ ಸದ್ದಾದ್ದರಿಂದ ಹಿಡಿದೆ. ಹೇಳಿದಾಗ ಪೇಂಟರ್ ತಾನು ಬಾರಿಸುವ ಎರಡು ದೊಡ್ಡ ಹಿತ್ತಾಳೆ ತಾಳಗಳನ್ನು ಟೆಂಪೊದಿಂದ ತಂದು, ಬಡಿಯದೆ ಒಂದರ ಮೇಲೊಂದು ಸವರಿದ. ಮಾಸ್ತರ ನನ್ನ ಕಡೆ ತಿರುಗಿ, "ದೂಲೆಭಾಯ್, ನಿಮ್ಮ ಗುಜರಿ ಅಂಗಡಿ ಇಂದು ಸಂಗೀತಕ್ಕ ಬಂತು" ಎಂದ. ಬಹಳ ದಿನಗಳ ಮೇಲೆ ಅವನು ನಕ್ಕಿದ್ದು.

ಮದುವೆಯ ದಿನ ಗಣೇಶಗುಡಿಯಲ್ಲಿ ನಮ್ಮವರು ಕೆಂಪು ಕೋಟು ತೊಟ್ಟು ರಸ್ತೆ ಬದಿಗೆ ನಿಂತರು. ನಡೆಯುವುದಿಲ್ಲ, ನಿಂತೇ ಊದುವುದು ಎಂದು ಮಾಸ್ತರ ಮೊದಲೇ ಹೇಳಿದ್ದ. ದೊಡ್ಡ ಡ್ರಮ್ಮಿನವನು ಎಣಿಸುವಂತಿಲ್ಲ, ಮಾಸ್ತರನ ಎಡಭುಜ ಎದ್ದಾಗ ಮಾತ್ರ ಬಡಿಯಬೇಕು. ಬಸ್ಸು ತಡವಾಗಿ ಬಂತು. ಘಟ್ಟದ ತಿರುವುಗಳಲ್ಲಿ ಅರ್ಧ ದಿಬ್ಬಣಕ್ಕೆ ವಾಂತಿಯಾಗಿತ್ತು. ಮದುಮಗಳು ಕಿಟಕಿಗೆ ತಲೆ ಆನಿಸಿ ಕೂತಿದ್ದಳು, ಮುಖ ಸೋತಿತ್ತು. ಅವಳ ಕಣ್ಣಿಗೆ ಬಿದ್ದದ್ದು ಸಾವ್ಕಾರರು ಹೆದರಿದ್ದೇ: ಮೂರು ಕಡೆ ಕಾಡು.

ಮಾಸ್ತರ ಕ್ಲಾರಿನೆಟ್ಟಿನಲ್ಲಿ ಆ ಒಂಟಿ ಕೂಗು ಎತ್ತಿದ. ಓ... ಎಳೆದ. ಇನ್ನೂ ಎಳೆದ. ಭುಜ ಏಳಲಿಲ್ಲ. ತುತ್ತೂರಿಯವರು ಕಾಯುತ್ತಿದ್ದಾರೆ, ಡ್ರಮ್ಮಿನವನ ಕೋಲು ಮೇಲೆಯೇ ಇದೆ. ಮದುವೆಗೆ ಬಂದವರು ಮುಖ ಮುಖ ನೋಡಿಕೊಂಡರು. "ಬ್ಯಾಂಡ್ ಕೆಟ್ಟತೇನ್ರಿ?" ಎಂದು ಯಾರೋ ಹಿಂದಿನಿಂದ ಅಂದರು. ನನ್ನ ಕಣ್ಣ ಮುಂದೆ ಕಾಟಾ ಬಂತು, ಅದರ ಮೇಲೆ ಆ ದೊಡ್ಡ ಬಾಸು.

ಆಗ ಬಸ್ಸಿನೊಳಗಿಂದ ಮಾವಶಿಯ ದನಿ: ಹೋಯ್! ಅವರ ಹಿಂದೆಯೇ ಬಸ್ಸಿನ ಹೆಂಗಸರೆಲ್ಲ. ಮಾಸ್ತರನ ಭುಜ ಎದ್ದಿತು. ಡ್ರಮ್ಮಿಗೆ ಪೆಟ್ಟು ಬಿತ್ತು, ಹಿತ್ತಾಳೆಯೆಲ್ಲ ಒಟ್ಟಿಗೆ ಎದ್ದಿತು, ಮತ್ತು ಕಡಿಯಲಿಲ್ಲ; ಒಬ್ಬ ಉಸಿರೆಳೆದರೆ ಇನ್ನೊಬ್ಬ ಹಿಡಿದ. ತಾಳಗಳ ಮೇಲೆ ಮೊಳೆ ಸುರಿದ ಸದ್ದಿನಲ್ಲಿ ಅಲೆ ಹಿಂದೆ ಹೋಯಿತು. ಮತ್ತೆ ಓ... ಈ ಸಲ ದಿಬ್ಬಣದವರು ಕೈಯಲ್ಲಿ ಇಲ್ಲದ ಹಗ್ಗ ಹಿಡಿದು ಎಳೆಯುತ್ತ ಬಸ್ಸಿನಿಂದ ಇಳಿದರು. ಮದುಮಗಳು ಕಿಟಕಿಯಿಂದ ತಲೆ ಹೊರಹಾಕಿ ಕೇಳುತ್ತಿದ್ದಳು. ಕಣ್ಣೀರು ಬರುತ್ತಿತ್ತು, ಜೊತೆಗೆ ನಗುವೂ. ಕೆಳಗೆ ನಿಂತ ಮದುಮಗನಿಗೆ ಕೂಗಿ ಹೇಳಿದಳು, "ನಿಮ್ಮ ಡ್ರಮ್ಮಿನವರಿಗೆ ಹೇಳಿ, ಅಷ್ಟು ಜೋರು ಅಲೆಗೆ ನಮ್ಮಲ್ಲಿ ದೋಣಿ ಇಳ್ಸುದಿಲ್ಲ!"

ಊಟದ ಹೊತ್ತಿಗೆ ಹುಡುಗಿ ಕಡೆಯ ಹಿರಿಯರೊಬ್ಬರು ನನ್ನ ಬಳಿ ಬಂದರು. ಅವರ ಮಗಳ ಮದುವೆಗೆ ಕಾರವಾರಕ್ಕೆ ಬ್ಯಾಂಡ್ ಬೇಕಂತೆ. ನಾನು ಕೂಡಲೇ ಸಮುದ್ರದ ಹಾಡಿಗೆ ಬೇರೆ ದರ ಎಂದು ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದರು. "ಸಮುದ್ರ ಬೇಡ, ಅದು ನಮ್ಮ ಹಿತ್ತಲಲ್ಲೇ ಉಂಟು. ಯಾವುದೋ ಹೊಳೆ ಹಾಡು ಊದಿದ್ರಂತಲ್ಲ, ಹೋದದ್ದು ತಿರುಗಿ ಬಾರದ್ದು? ನಮ್ಮ ಮಗಳು ಹೊರಡುವಾಗ ಅದು ಬೇಕು."

ಮಾಸ್ತರನಿಗೆ ಹೇಳಿದೆ. ಅವನು ಪಾಯಸದ ಬಟ್ಟಲು ಕೆಳಗಿಟ್ಟ. ಆಮೇಲೆ, "ಬಾಸಿನ ಬಗ್ಗಿದ ಬಾಯಿ ಸರಿ ಮಾಡಿಸಬೇಕು ದೂಲೆಭಾಯ್. ನಿಮ್ಮ ಕಡೆ ಹಳೇದೊಂದು ಹಿತ್ತಾಳಿ ತಗಡು ಇತ್ತಲ್ಲ?" ಎಂದ. ಇತ್ತು. ಕೊಟ್ಟೆ. ಹಿತ್ತಾಳೆಯ ದರವನ್ನು ಅವನು ಮತ್ತೆ ಕೇಳಿಲ್ಲ. ಆ ಸೀಜನ್ನು ತುಂಬಿ ಹರಿಯಿತೆಂದೇನೂ ಅಲ್ಲ; ಡಿಜೆಗಳು ಇದ್ದೇ ಇವೆ. ಆದರೆ ತಾಲೀಮು ನಡೆದಿದೆ. ಅಂಗಡಿಗೆ ಚಹಾವೂ ಬರುತ್ತಿದೆ.

ಇಷ್ಟು ಓದಿದವರಿಗೆ ಕೆಲಸಕ್ಕೆ ಬರುವ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮದುವೆಗೆ ಬ್ಯಾಂಡ್ ಹೇಳುವುದಿದ್ದರೆ ಫೋನಿನಲ್ಲಿ ಮುಗಿಸಬೇಡಿ, ತಾಲೀಮಿನ ಜಾಗಕ್ಕೆ ಹೋಗಿ, ಮನೆಯ ಹಿರಿಯ ಹೆಂಗಸೊಬ್ಬರನ್ನು ಕರೆದುಕೊಂಡು ಹೋಗಿ. ನಮ್ಮ ಕಡೆ ಒಂದೇ ಓಣಿಯಲ್ಲಿ ನಾಲ್ಕು ಭಾಷೆ. ಬೇಕಾದದ್ದನ್ನು ಎರಡು ಭಾಷೆಯಲ್ಲಾದರೂ ಹೇಳಿ, ಎದುರಿನವನಿಂದ ಒಮ್ಮೆ ಹೇಳಿಸಿ. ದರದಲ್ಲಿ ಚೌಕಾಶಿ ಮಾಡಿ, ಬೇಡವೆನ್ನುವುದಿಲ್ಲ, ಆದರೆ ಊದುವವರ ಊಟದಲ್ಲಿ ಮಾಡಬೇಡಿ. ಹಸಿದ ಹೊಟ್ಟೆಯಿಂದ ಉದ್ದದ ಉಸಿರು ಬರುವುದಿಲ್ಲ. ಘಟ್ಟ ಹತ್ತುವ ದಿಬ್ಬಣದಲ್ಲಿ ಸೀಟಿಗೊಂದು ನಿಂಬೆಹಣ್ಣು ಇಡಿ. ಇನ್ನು, ಮನೆಯಲ್ಲಿ ಹಳೇ ಹಿತ್ತಾಳೆಯ ಹಾಂಡೆ, ಕೊಡ, ಬಾಗಿಲ ಚಿಲಕವಿದ್ದರೆ ದಾಂಡೇಲಿಗೆ ತನ್ನಿ, ದರ ಸರಿಯಾಗಿ ಹಾಕಿಕೊಡುತ್ತೇನೆ. ಪೀಪಿ, ತುತ್ತೂರಿ ಇದ್ದರೆ ಮಾತ್ರ ನನ್ನ ಅಂಗಡಿ ದಾಟಿ ನೇರ ಹಳಿಯಾಳದ ಬಸ್ಸು ಹತ್ತಿ. ವೆಲ್ಡರನ ಅಂಗಡಿಯ ಹಿಂದೆ ಸದ್ದು ಕೇಳುತ್ತದೆ, ಯಾರನ್ನೂ ದಾರಿ ಕೇಳಬೇಕಾಗಿಲ್ಲ.